ಪೂರ್ತಿ ಕರ್ನಲ್ ಅಲ್ಲ

ಅವರ ಬಲಗೈ ತೋರುಬೆರಳಿನ ಉಗುರುಸಂದಿಯಲ್ಲಿ ಯಾವಾಗಲೂ ಕರಿ ಬೂಟ್‌ಪಾಲಿಶ್ ಮೆತ್ತಿಕೊಂಡಿರುತ್ತಿತ್ತು. ಬ್ರಷ್ ಅವರಿಗೆ ಒಗ್ಗದು. ಬೆರಳಿಗೆ ಬಟ್ಟೆ ಸುತ್ತಿಯೇ ಉಜ್ಜಬೇಕು. ತಮ್ಮದು ಮುಗಿದ ಮೇಲೆ ನಮ್ಮ ಬಾಗಿಲಿಗೆ ಬಂದು ನನ್ನ ಕಾಲೇಜಿನ ಶೂಗಳನ್ನೂ ಎತ್ತಿಕೊಂಡು ಹೋಗುತ್ತಿದ್ದರು. ಬೇಡ ಅಂದರೆ ಕೇಳುವ ಪೈಕಿಯಲ್ಲ.

ಬೆನ್ಸನ್ ಟೌನಿನಲ್ಲಿ ನಮ್ಮ ಎದುರುಮನೆಯ ಅಂಕಲ್, ಸೇನೆಯಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಆ ಹುದ್ದೆಯವರನ್ನು ಸೇನೆಯಲ್ಲೂ ಬರೀ ಕರ್ನಲ್ ಎಂದೇ ಕರೆಯುತ್ತಾರಂತೆ. ಇವರಿಗೆ ಮಾತ್ರ ಅದು ಸೇರದು. ಪಾರ್ಸಲ್ ತಂದವನು "ಕರ್ನಲ್ ಸಾರ್, ಓಟಿಪಿ ಹೇಳಿ" ಅಂದರೆ ಸಾಕು, ಪಾಠ ಶುರು.

"ನಾನು ಪೂರ್ತಿ ಕರ್ನಲ್ ಅಲ್ಲಪ್ಪಾ. ಲೆಫ್ಟಿನೆಂಟ್ ಅನ್ನೋದು ಫ್ರೆಂಚ್ ಮಾತು. ಲ್ಯೂ ಅಂದ್ರೆ ಜಾಗ, ತೆನಾಂ ಅಂದ್ರೆ ಹಿಡ್ಕೊಂಡಿರೋನು. ಮೇಲಿನವನು ಇಲ್ದಾಗ ಅವನ ಜಾಗದಲ್ಲಿ ನಿಲ್ಲೋನು."

ಬಿಸಿಲಲ್ಲಿ ನಿಂತವನ ಗತಿ ದೇವರಿಗೇ ಪ್ರೀತಿ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಈ ಮನುಷ್ಯ ನನ್ನ ಪ್ರಾಣ ತಿಂದರು. ತಡವಾಗಿ ಬಂದರೆ ಗೇಟಿನಲ್ಲಿ ನಿಂತಿರುತ್ತಿದ್ದರು. ಅಮ್ಮನಿಗೆ ರಜೆ ಸಿಗಲಿಲ್ಲವೆಂದು ಕಾಲೇಜಿನ ಪೇರೆಂಟ್ಸ್ ಮೀಟಿಂಗಿಗೆ ಬ್ಲೇಜರ್ ತೊಟ್ಟು ತಾವೇ ಬಂದರು. "ನೀವು ಇವಳ ತಂದೆನಾ?" ಅಂತ ಮೇಡಂ ಕೇಳಿದ್ದೇ ತಡ, ಲ್ಯೂ, ತೆನಾಂ, ಎಲ್ಲ ಬಂತು. ಹಿಂದೆ ಸಾಲಿನಲ್ಲಿದ್ದವರು ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊರಗೆ ಬಂದು ರೇಗಿದೆ. "ಅಪ್ಪನ ಜಾಗ ನಿಮ್ದಲ್ಲ ಅಂಕಲ್."

ಅವರು ತಮ್ಮ ಬೂಟುಗಳನ್ನು ನೋಡಿಕೊಂಡೇ ಹೇಳಿದರು. "ಗೊತ್ತಮ್ಮ. ಲೆಫ್ಟಿನೆಂಟ್‌ಗೆ ಜಾಗ ಯಾವತ್ತೂ ಸ್ವಂತದ್ದಲ್ಲ. ಖಾಲಿ ಬಿಡಬಾರದು, ಅಷ್ಟೇ."

ಮರುದಿನ ಬಾಗಿಲಲ್ಲಿ ನನ್ನ ಶೂಗಳು ಹೊಳೆಯುತ್ತಿದ್ದವು. ನನಗೆ ಮತ್ತಷ್ಟು ರೇಗಿತು.

ಹೋದ ವರ್ಷ ಹೇಳದೆ ಕೇಳದೆ ಹೋಗಿಬಿಟ್ಟರು. ಅದಕ್ಕೂ ನನಗೆ ಮೊದಲು ಬಂದದ್ದು ಕೋಪವೇ, ಅಳು ಆಮೇಲೆ ಬಂತು. ಚರ್ಚಿನಲ್ಲಿ ಮನೆಯವರು ಕೂರುವ ಮುಂದಿನ ಬೆಂಚು ಖಾಲಿ ಇತ್ತು. ಹಳೆಯ ಫೌಜಿ ಗೆಳೆಯರೆಲ್ಲ ಎರಡನೇ ಸಾಲಿನಿಂದ ಹಿಂದಕ್ಕೆ ಕೂತಿದ್ದರು. ನಾನು ಹಿಂದಿನಿಂದ ಎದ್ದು ಹೋಗಿ ಆ ಬೆಂಚಿನಲ್ಲಿ ಕೂತೆ. ಸಮಾಧಿಯ ಹತ್ತಿರ ಮೊದಲ ಹಿಡಿ ಮಣ್ಣು ಹಾಕಲು ಪಾದ್ರಿಗಳು ನನ್ನನ್ನೇ ಕರೆದರು. ಮೆಲ್ಲಗೆ ಕೇಳಿದರು, "ನೀವು ಮಗಳಾ?"

"ಅಲ್ಲ ಫಾದರ್. ಅವರಿಗೆ ಮಗಳಿರಲಿಲ್ಲ. ಆ ಜಾಗದಲ್ಲಿ ನಿಂತಿದೀನಿ."

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಲ್ಯೂ ಅಂದರೇನು, ತೆನಾಂ ಅಂದರೇನು, ಎಲ್ಲ ಹೇಳಿದೆ. ಹಿಂದೆ ಅಷ್ಟೂ ಜನ ಕೈಯಲ್ಲಿ ಮಣ್ಣು ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದರು.