ಕಿನ್ನಾಳದ ಅಂಟು, ನೆಲದಡಿಯ ಎಣ್ಣೆ

ಗಂಗಾವತಿಯಿಂದ ಬೆಳಗಿನ ಏಳರ ಬಸ್ಸು ಹಿಡಿದೆ. ಮರುದಿನ ಯಲಬುರ್ಗಾದಲ್ಲಿ ತಂಗಿಯ ಮೊಮ್ಮಗಳಿಗೆ ಹೆಸರಿಡುವುದಿತ್ತು. ತೊಟ್ಟಿಲಿಗೆ ತೂಗುಬಿಡಲು ನಾಲ್ಕು ಕಟ್ಟಿಗೆಯ ಗಿಳಿ ಬೇಕೆಂದು ಕಿನ್ನಾಳದಲ್ಲಿ ಹೇಳಿಟ್ಟಿದ್ದೆ. ಅವನ್ನು ತೆಗೆದುಕೊಂಡು ಸಂಜೆಯೊಳಗೆ ತಂಗಿಯ ಮನೆ ಮುಟ್ಟಬೇಕು, ಇಷ್ಟೇ ಕೆಲಸ.

ಭತ್ತದ ಗದ್ದೆಗಳು ಮುಗಿದು ಗಿಣಿಗೇರಾ ಹತ್ತಿರವಾದಂತೆ ಕಿಟಕಿಯ ಸರಳು ಮುಟ್ಟಿದರೆ ಬೆರಳು ಕಪ್ಪಾಗುತ್ತಿತ್ತು. ಪಾಳಿ ಮುಗಿಸಿದ ಕಾರ್ಖಾನೆಯ ಮಂದಿ ಹತ್ತಿಕೊಂಡು ನಿಂತಲ್ಲೇ ತೂಕಡಿಸಿದರು. ಕೊಪ್ಪಳದಲ್ಲಿ ಇಳಿದು ಒಗ್ಗರಣೆ ಮಂಡಾಳು, ಎರಡು ಮಿರ್ಚಿ ತಿಂದೆ. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕಿನ್ನಾಳಕ್ಕೆ ಟಂಟಂ ಆಟೋ ಸಿಕ್ಕಿತು. ಮೂವರ ಸೀಟಿನಲ್ಲಿ ಐವರು ಕೂತೆವು.

ಗೊಂಬೆ ಮಾಡುವ ಹಿರಿಯರು ಹುಲಗಪ್ಪ. ಅವರ ಪಡಸಾಲೆಯಲ್ಲಿ ನಾಲ್ಕೂ ಗಿಳಿ ಸಾಲಾಗಿ ಕೂತಿದ್ದವು. ಒಂದರ ಕೊರಳ ಬಿಳಿ ಲೇಪ ಬಿರುಕು ಬಿಟ್ಟಿತ್ತು, ಇನ್ನೊಂದರದು ಚಕ್ಕೆಯಾಗಿ ಉದುರಿ ಕಟ್ಟಿಗೆ ಕಾಣುತ್ತಿತ್ತು. ಬಣ್ಣ ಹಚ್ಚುವ ಮಾತೇ ಇರಲಿಲ್ಲ.

"ಬರ್ರಿ ಸಾಹೇಬ್ರ. ನಿಮ್ಮ ಮುಂದ ಮಾರಿ ಎತ್ತದಂಗ ಆಗೈತಿ," ಎಂದರು ಹುಲಗಪ್ಪ. "ಇದ ಮೊದಲ ಸಲ ಸೊಸಿಗೆ ಪೂರಾ ಕೆಲಸ ಬಿಟ್ಟಿದ್ದೆ. ಆಕೀ ಕೈಗೆ ಅಂಟು ಕೂಡಿ ಬರೂದಿಲ್ಲ. ಇನ್ನ ಮ್ಯಾಲ ಆಕಿ ಬಣ್ಣ ಅಷ್ಟ ಅರೀಲಿ. ಅಂಟು, ಕುಂಚ ಎರಡೂ ಬ್ಯಾಡ."

ಸೊಸೆ ಶಾಂತವ್ವ ನನ್ನ ಮುಂದೆ ನೀರಿನ ತಂಬಿಗೆ ಇಟ್ಟಳು. "ಎರಡು ವರ್ಸ ಬಣ್ಣ ಅರದೀನ್ರಿ ಮಾವಾರ. ಹುಣಸಿಬೀಜ ಆರಿಸಿ ತಂದಾವ್ರು ನೀವ," ಎಂದಳು, ಮೆಲ್ಲಗೆ.

ಇಲ್ಲಿನ ಅಂಟು ಹುಣಸೆಬೀಜದ್ದು. ಬೀಜವನ್ನು ನೆನೆಸಿ, ಅರೆದು, ನೀರಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಅದಕ್ಕೆ ಕಲ್ಲಿನ ಪುಡಿ ಕಲಸಿ ಕಟ್ಟಿಗೆಗೆ ಬಳಿಯುತ್ತಾರೆ. ಬೋಗುಣಿಯಲ್ಲಿ ಉಳಿದಿದ್ದ ಅಂಟನ್ನು ಸೌಟಿನಿಂದ ಎತ್ತಿದೆ. ನೀರಿನಂತೆ ಸುರಿಯಿತು. ಮೂವತ್ತು ವರ್ಷ ಗುಜರಾತಿನ ಎಣ್ಣೆಬಾವಿಗಳ ಪ್ರಯೋಗಾಲಯದಲ್ಲಿ ಇಂಥ ಅಂಟುನೀರಿನ ಮಂದತನವನ್ನೇ ಅಳೆದವನು ನಾನು. ಸುಮ್ಮನಿರಲಾಗಲಿಲ್ಲ.

"ಇದನ್ನ ಯಾರೂ ಮುಟ್ಟಬ್ಯಾಡ್ರಿ. ಚಹಾ ಕುಡಿಯೂದ್ರಾಗ ಮಂದ ಆಕ್ಕೈತೇನು ನೋಡೂಣು," ಎಂದೆ. "ನಮ್ಮ ಎಣ್ಣಿ ಬಾವ್ಯಾಗೂ ಇಂಥಾದ್ದ ಆಗಿತ್ತು."

"ನೆಲದಾಗಿನ ಎಣ್ಣಿಗೂ ನನ್ನ ಗಿಳಿಗೂ ಎಲ್ಲೀ ಬೀಗತನ್ರಿ!" ಹುಲಗಪ್ಪ ನಕ್ಕರು.

ಚಹಾ ಬರುವವರೆಗೆ ಹೇಳಿದೆ. ಕೆಲವು ಬಾವಿಗಳ ಎಣ್ಣೆ ಕಾಕಂಬಿಯಷ್ಟು ದಪ್ಪ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅಂಟಿ ಕೂತಿರುತ್ತದೆ. ಬರೀ ನೀರು ಒತ್ತಿದರೆ ಅದು ಯಾವುದೋ ಸಂದಿ ಹಿಡಿದು ಮುಂದೆ ಓಡುತ್ತದೆ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಅದಕ್ಕೇ ನೀರಿಗೆ ಪಾಲಿಮರ್, ಅಂದರೆ ಕಣ್ಣಿಗೆ ಕಾಣದ ಉದ್ದುದ್ದ ಎಳೆಗಳ ಅಂಟುಪುಡಿ, ಹಾಕಿ ಮಂದ ಮಾಡುತ್ತಿದ್ದೆವು. ನಮ್ಮ ಪುಡಿಯ ನೀರು ಬಾವಿಯ ಬಾಯಲ್ಲಿ ಜೋರಾಗಿ ಹರಿಯುವಾಗ ತೆಳ್ಳಗಾಗಿ ಸಲೀಸಾಗಿ ಒಳಹೊಗುತ್ತಿತ್ತು. ದೂರ ಹೋಗಿ ನಿಧಾನವಾದಾಗ ಮತ್ತೆ ಮಂದವಾಗಿ ಎಣ್ಣೆಯನ್ನು ಮುಂದೆ ತಳ್ಳುತ್ತಿತ್ತು.

"ನಮ್ಮ ಅಂಟೂ ಹಂಗರಿ," ಎಂದಳು ಶಾಂತವ್ವ, ಚಹಾ ಕೊಡುತ್ತಾ. "ಕುಂಚ ಎಳಿಯೂವಾಗ ಜಾರ್ತೈತಿ, ಬಿಟ್ಟ ಕೂಡಲೇ ನಿಂದರ್ತೈತಿ."

"ಹೌದವ್ವ. ಆದ್ರ ಒಮ್ಮಿ ಅದನ್ನ ಸಣ್ಣ ವಾಲ್ವಿನ್ಯಾಗ ಜುಲ್ಮಿಲೆ ತೂರಿಸಿದ್ವಿ. ಅದರೊಳಗಿನ ಉದ್ದನ ಎಳಿ ತುಂಡಾದ್ವು. ಆಮ್ಯಾಲ ಎಷ್ಟ ಹೊತ್ತು ಬಿಟ್ರೂ ಮಂದ ಆಗ್ಲಿಲ್ಲ. ನಾವು ಪುಡಿ ಕೊಟ್ಟಾವನ್ನ ಬೈಕೋತ ಕುಂತ್ವಿ."

ಚಹಾ ಮುಗಿಯಿತು. ಬೋಗುಣಿಯ ಅಂಟು ನೀರಾಗಿಯೇ ಇತ್ತು.

"ಹೆಂಗ ಸೋಸಿದ್ಯವ್ವಾ?" ಎಂದು ಶಾಂತವ್ವನನ್ನು ಕೇಳಿದೆ.

"ಸೋಸಿಲ್ರಿ. ಗಂಟು ಹೋಗ್ಲಿ ಅಂತ ಮಿಕ್ಸರಿಗೆ ಹಾಕಿ ಭಾಳ ಹೊತ್ತು ತಿರುವಿದೆ."

ಮೂಲೆಯಲ್ಲಿ ಹೊಸ ಮಿಕ್ಸರ್ ಇತ್ತು. ನಮ್ಮ ವಾಲ್ವು ಮಾಡಿದ್ದನ್ನೇ ಇಲ್ಲಿ ಅದರ ಅಲಗು ಮಾಡಿತ್ತು. ಹುಲಗಪ್ಪ ಅದರತ್ತ ತಿರುಗಿದರು.

"ಅದನ್ನ ತಂದಾಂವ ನಾನ," ಎಂದರು. "ಬಟ್ಟಿ ಹಿಂಡಿ ಹಿಂಡಿ ಆಕೀ ರಟ್ಟಿ ಬಾತಿದ್ವು. ಕಲ್ಲನ್ನೂ ಹಿಟ್ಟು ಮಾಡ್ತೈತಿ ಅಂದ ಅಂಗಡ್ಯಾಂವ."

"ಹಂಗಾರ ಕಲ್ಲ ಹಾಕಬೇಕಿತ್ತು ಬಿಡ್ರಿ," ಎಂದಳು ಶಾಂತವ್ವ.

ಇನ್ನೊಂದು ಬೋಗುಣಿ ಬೀಜ ನೆನೆದಿತ್ತು. ಅವಳು ಅದನ್ನು ಒರಳಿನಲ್ಲಿ ಅರೆದು, ನೀರು ಬೆರೆಸಿ ಒಲೆಗೆ ಇಟ್ಟಳು. ಅಂಟು ಇವತ್ತೇ ಸಿದ್ಧವಾದರೂ ಲೇಪ ಒಣಗಿ ಬಣ್ಣ ಏರಲು ದಿನಗಳು ಬೇಕು. ಹುಲಗಪ್ಪ ಕಪಾಟಿನಿಂದ ತಾವು ಹಿಂದೆ ಮಾಡಿದ್ದ ನಾಲ್ಕು ಗಿಳಿ ತೆಗೆದು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. ನಾನು ಚೀಲದ ಬಾಯಿ ತೆರೆದೆ. ಒಲೆಯ ಮುಂದೆ ಸೌಟಿನ ಸಪ್ಪಳ ನಿಂತಿತು. ಹುಲಗಪ್ಪ ಅತ್ತ ನೋಡಿದರು. ಮತ್ತೆ ಕೈಚಾಚಿ ಆ ಗಂಟನ್ನು ತೆಗೆದುಕೊಂಡರು.

"ಬ್ಯಾಡ್ರಿ. ಇವನ್ನ ಒಯ್ದ್ರ ಆಕೀವು ಇಲ್ಲೇ ಉಳೀತಾವ. ಮಂಗಳವಾರ ಬಂದು ಆಕೀ ಕೈಯವ್ನ ಒಯ್ರಿ. ಕೂಸು ತೊಟ್ಟಿಲದಾಗ ನಾಳಿ ಒಂದ ದಿನ ಅಷ್ಟ ಮಲಗೂದಿಲ್ಲಲ್ರಿ."

"ತಂಗಿ ಬೈತಾಳ್ರಿ."

"ನನ್ನ ಹೆಸರು ಹೇಳ್ರಿ. ಇವತ್ತ ನಾನ ಬೈಸಿಕೊಳ್ಳಾಂವ."

ಅಂಟು ಕುದಿದು ಒಲೆಯಿಂದ ಇಳಿದ ಮೇಲೆ ನಾನು ಬರಿಗೈಯಲ್ಲಿ ಟಂಟಂ ಹತ್ತಿದೆ. ಯಲಬುರ್ಗಾ ಮೇಲೆ ಕುಷ್ಟಗಿಗೆ ಹೋಗುವ ಬಸ್ಸು ಕೊಪ್ಪಳ ಬಿಡಲು ಇನ್ನೂ ಒಂದು ತಾಸಿತ್ತು. ಗಾಡಿ ತಿರುಗುವಾಗ ಹಿಂದೆ ನೋಡಿದೆ. ಅಂಗಳದಲ್ಲಿ ಮಾವ ಸೊಸೆ ಎದುರುಬದುರು ಕೂತು ಸೋಸುವ ಬಟ್ಟೆಯ ಒಂದೊಂದು ತುದಿ ಹಿಡಿದು ತಿರುಚುತ್ತಿದ್ದರು. ಅಂಟು ದಪ್ಪ ದಾರವಾಗಿ ಬೋಗುಣಿಗೆ ಇಳಿಯುತ್ತಿತ್ತು.

"ಅಷ್ಟ ಜೋರ್ಲೆ ಹಿಂಡಬ್ಯಾಡ್ರಿ ಮಾವಾರ," ಎನ್ನುತ್ತಿದ್ದಳು ಶಾಂತವ್ವ.

ಹುಲಗಪ್ಪ ಕೈ ಸಡಿಲು ಮಾಡಿದರು.