ಅಕ್ಕಿಯ ಮೇಲೆ ಬರೆದ ಹೆಸರು

ಬೆಳಿಗ್ಗೆ ಎದ್ದು ಶೇಗಡಿಗೆ ಇದ್ದಲಿ ತುಂಬಿದೆ. ಚಹಾ ಆಯಿತು. ರೊಟ್ಟಿ ಬಡಿದದ್ದಾಯಿತು. ಕಲಾದಗಿಯ ಪೇರಲಹಣ್ಣಿನಾಕೆ ಎಂದಿನಂತೆ ಚೆಂದದ ಹಣ್ಣು ಮೇಲೆ, ಹುಳುಕಿನವು ಕೆಳಗೆ ಜೋಡಿಸಿದ ಬುಟ್ಟಿ ಇಳಿಸಿದಳು. ನಾನೂ ಎಂದಿನಂತೆ ಕೆಳಗೆ ಕೈ ಹಾಕಿ ನೋಡಿ ಮೇಲಿನವನ್ನೇ ಆರಿಸಿಕೊಂಡೆ. ಇಬ್ಬರಿಗೂ ಬೇಸರವಿಲ್ಲ.

ನಮ್ಮವರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. "ಇವತ್ತರೆ ಊಟಾ ವ್ಯಾಳ್ಯಾಕ್ಕ ಸಿಗ್ತದೋ, ಇಲ್ಲಾ ನಿಮ್ಮ ಮಂಡಳದ್ದು ಏನರೆ ಅದನೋ?"

ಇತ್ತು. ನಮ್ಮ ಮಹಿಳಾ ಮಂಡಳದಿಂದ ಅಂದು ಸಾಲಿಯ ಹಾಲ್‌ನಲ್ಲಿ ಚಿತ್ರಗಳ ಎಕ್ಸಿಬಿಶನ್. ಪ್ಯಾರಿಸ್, ಲಂಡನ್, ರೋಮ್‌ಗಳ ಗೋಡೆಯ ಮೇಲೆ ತೂಗಿ ಬಂದ ಚಿತ್ರಗಳು ಮೊದಲ ಸಲ ಬಾಗಲಕೋಟೆಯ ಗೋಡೆ ಕಾಣುವವಿದ್ದವು. ಬಾಗಿಲಿಗೆ ಕಟ್ಟುವ ಬಟ್ಟೆಯ ಮೇಲೆ ಕಲಾವಿದೆಯ ಹೆಸರು ಬರೆಯುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಕಲಿತವಳ ಅಕ್ಷರ ದುಂಡಗಿರುತ್ತದೆ ಎಂಬ ನಂಬಿಕೆ ನಮ್ಮೂರಿನವರದು. (ನನ್ನ ಇಂಗ್ಲಿಷು ದುಂಡಗೆ, ಕನ್ನಡ ಸೊಟ್ಟ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.)

ಒಂದು ಹೆಸರು ಬರೆಯುವುದು. ಎಷ್ಟು ಸಣ್ಣ ಕೆಲಸ, ಅಲ್ಲವೇ?

ಕಲಾವಿದೆಯನ್ನು ಮೊದಲು ನಿಮಗೆ ಪರಿಚಯಿಸಬೇಕು. ಬಾದಾಮಿಯ ಸಾಲಿ ಮಾಸ್ತರರೊಬ್ಬರ ಮಗಳು. ಮನೆದೇವರ ಹೆಸರನ್ನೇ ಇಟ್ಟರು, ಬನಶಂಕರಿ. ಕೆಂಪುಗಲ್ಲಿನ ಚೂರು ಹಿಡಿದು ಅಂಗಳದ ಹಾಸುಗಲ್ಲಿನ ಮೇಲೆ ಗೀಚುತ್ತಿದ್ದ ಹುಡುಗಿ. ಅಪ್ಪ ಬೈಯುವ ಬದಲು ಇನ್ನೊಂದು ಚೂರು ತಂದುಕೊಟ್ಟರಂತೆ. ಮುಂದೆ ಮುಂಬಯಿಯ ಚಿತ್ರಕಲಾ ಶಾಲೆಗೂ ಅವರೇ ಕಳಿಸಿದರು. ಆಮೇಲೆ ನಮ್ಮೂರ ವಕೀಲರೊಂದಿಗೆ ಮದುವೆ. ಮದುವೆಯಾದ ಮೇಲೆ ಪ್ಯಾರಿಸಿನ ಸ್ಕಾಲರ್‌ಶಿಪ್ ಬಂತು. ವಕೀಲರು ಬೇಡವೆನ್ನಲಿಲ್ಲ. ಊರು ಏನೇನೋ ಅಂದಿತು. ಆಕೆ ಹಡಗು ಹತ್ತಿದಳು.

ಅವಳ ಚಿತ್ರಗಳಲ್ಲಿ ಇರುವುದು ಹೆಂಗಸರ ಬೆನ್ನು. ಒಲೆಯ ಮುಂದೆ ಕೂತ ಬೆನ್ನು. ಬಾವಿಗೆ ಬಾಗಿದ ಬೆನ್ನು. ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದು ಬಾಗಿಲಾಚೆ ನೋಡುತ್ತ ನಿಂತ ಬೆನ್ನು. ಒಂದರಲ್ಲೂ ಮುಖವಿಲ್ಲ. ಮುಂಬಯಿಯ ಮಾಸ್ತರರು ಮುಖ ಬರೆ ಎಂದರಂತೆ. ಪ್ಯಾರಿಸಿನವರೂ ಕೇಳಿದರಂತೆ.

"ಮಾರಿ ಯಾಕ ಇಲ್ಲ?" ನಾನೂ ಕೇಳಿದೆ. ಹಾಲ್‌ನಲ್ಲಿ ಅವಳು ಮೊಳೆ ಹೊಡೆಯುತ್ತಿದ್ದಳು.

"ನಿಮ್ಮ ಅವ್ವನ್ನ ನೆನಸ್ರಿ. ಕಣ್ಣು ಮುಚ್ಚಿ ನೆನಸ್ರಿ. ಏನು ಕಾಣಸ್ತದ?"

ಕಣ್ಣು ಮುಚ್ಚಿದೆ. ಅಡಿಗೆಮನೆ, ಹೊಗೆ, ಕುಪ್ಪಸದ ಬೆವರಿನ ಕಲೆ, ಸಡಿಲವಾದ ತುರುಬು. ಖರೆ ಹೇಳುತ್ತೇನೆ, ಬೆನ್ನೇ ಕಂಡಿತು.

"ಅಷ್ಟೇ," ಎಂದಳು. "ಮಾರಿ ನೋಡ್ಲಿಕ್ಕೆ ಆಕಿ ಯಾವಾಗ ತಿರಗಿದ್ಲು? ಚಿತ್ರದ ಮುಂದ ನಿಂತವ್ರಿಗೆ, ಇಕಿ ಒಮ್ಮೆ ತಿರಗ್ಲಿ ಅನಸಬೇಕು. ಅಷ್ಟಕ್ಕ ನಾ ಬರಿಯೂದು."

ಚಿತ್ರದ ಮೂಲೆಯಲ್ಲಿ ಕನ್ನಡದಲ್ಲಿ ಸಹಿ: ಬನಶಂಕರಿ. ಪ್ಯಾರಿಸಿನಲ್ಲೂ ಕನ್ನಡವೇ. ಅಲ್ಲಿ ಯಾರೋ ಆ ಸಹಿಯನ್ನು ಸೀರೆಯ ಅಂಚಿನ ಡಿಸೈನ್ ಎಂದುಕೊಂಡು ಭಾಳ ಹೊಗಳಿದರಂತೆ. ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಬಟ್ಟೆ ಹಾಸಿ ಬ್ರಶ್ ಅದ್ದುವ ಹೊತ್ತಿಗೆ ಮಂಡಳದ ಅಧ್ಯಕ್ಷೆ ಗೋದಾಬಾಯಿ ಬಂದರು. ಹಿಂದೆ ವಕೀಲರು. ಅವರ ಹಿಂದೆ, ಅವರಿಗಿಂತ ಮುಂದೆ ನಡೆಯುವಂತೆ ಕಾಣುವ ಅವರ ಕಾಕಾ. ಬಿಳಿ ಧೋತರ, ಬೆಳ್ಳಿಕಟ್ಟಿನ ಕೋಲು.

"ಸೌಭಾಗ್ಯವತಿ ಇಂದಿರಾ ಅಂತ ಬರೀರಿ," ಎಂದರು ಗೋದಾಬಾಯಿ.

ಯಾರು ಇಂದಿರಾ?

ನಮ್ಮ ಕಡೆಯ ಓದುಗರಿಗೆ ಗೊತ್ತಿರುವುದೇ. ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವುತ್ತಾರೆ. ವರ ಉಂಗುರದ ಅಂಚಿನಿಂದ ಅದರ ಮೇಲೆ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಬಗ್ಗಿ ಓದಿ 'ಛಲೋ ಅದ, ಛಲೋ ಅದ' ಎನ್ನುತ್ತಾರೆ. ಹಳೆಯ ಹೆಸರು ಅಲ್ಲಿಗೆ ಮುಗಿಯಿತು.

ಬನಶಂಕರಿ ಸುತ್ತಿಗೆ ಕೆಳಗಿಟ್ಟಳು. "ಇಂದಿರಾ ಒಂದ ಚಿತ್ರಾನೂ ಬರದಿಲ್ರಿ. ಬರದಾಕಿ ನಾನು. ನನ್ನ ಹೆಸರು ಬರೀರಿ. ಇಲ್ಲಂದ್ರ ಚಿತ್ರ ಇಳಸ್ತೇನಿ."

ಕಾಕಾ ಕೋಲು ಕುಟ್ಟಿದರು. "ಪ್ಯಾರಿಸಿನಾಗ ಏನರೆ ಅನಿಸ್ಕೊ ತಂಗೀ, ನಮ್ಮದೇನೂ ತಕರಾರಿಲ್ಲ. ಬಾಗಲಕೋಟಿಯೊಳಗ ನೀ ನಮ್ಮ ಮನಿ ಇಂದಿರಾ. ನಾಲ್ಕು ಮಂದಿ ಮುಂದ ಅಕ್ಕಿ ಮ್ಯಾಲ ಬರದ ಹೆಸರು ಅದು."

"ಹೌದ್ರಿ ಕಾಕಾ. ಆ ಅಕ್ಕಿ ಮರುದಿನ ಪಾಯಸಕ್ಕ ಹಾಕಿದ್ರು. ನೀವೇ ಎರಡನೇ ಸಲ ನೀಡಿಸಿಕೊಂಡ್ರಿ. ಆ ಹೆಸರು ಆವತ್ತೇ ಅರಗಿ ಹೋತು."

ಯಾರೋ ಕಿಸಕ್ಕೆಂದರು. (ನಾನಲ್ಲ. ಬಹುಶಃ ನಾನೇ.)

ಗೋದಾಬಾಯಿ ನಡುವೆ ಬಂದರು. ಕೆಟ್ಟವರಲ್ಲ ಪಾಪ, ಗದ್ದಲಕ್ಕೆ ಹೆದರುವವರು. "ಅಲ್ಲವ್ವಾ, ಬಾಗಲಾಗ ಬರೇ ಬನಶಂಕರಿ ಅಂತ ಬರದ್ರ ಮಂದಿ ಏನ ತಿಳಕೋಬೇಕು? ಚೊಳಚಗುಡ್ಡದ ದೇವೀ ಚಿತ್ರ ಅಂತ ಕಾಯಿ ತೊಗೊಂಡು ಬರ್ತಾರ!"

ಎಲ್ಲರೂ ವಕೀಲರ ಮುಖ ನೋಡಿದರು. ಕೋರ್ಟಿನಲ್ಲಿ ಅವರ ಬಾಯಿ ಜೋರು. ಆದರೆ ಆ ಹೊತ್ತಿನಲ್ಲಿ ಅವರಿಗೆ ಮಾಡಿನ ತೊಲೆಗಳ ಮೇಲೆ ಅಪಾರ ಆಸಕ್ತಿ ಹುಟ್ಟಿತ್ತು. ಹೆಂಡತಿಯನ್ನು ಸಮುದ್ರ ದಾಟಿಸುವುದು ಸುಲಭ, ಕಾಕಾನನ್ನು ದಾಟುವುದು ಕಷ್ಟ.

ಬನಶಂಕರಿ ಹೋಗಿ ಒಲೆಯ ಮುಂದಿನ ಬೆನ್ನನ್ನು ಗೋಡೆಯಿಂದ ಇಳಿಸಿದಳು. ಬಾವಿಯ ಬೆನ್ನಿಗೆ ಕೈ ಹಾಕಿದಳು. ಗೋಡೆಯ ಮೇಲೆ ಖಾಲಿ ಮೊಳೆ ಉಳಿಯಿತು.

ನನ್ನ ಕೈಯಲ್ಲಿ ಬ್ರಶ್ ಇತ್ತು. ಬಣ್ಣ ತೊಟ್ಟಿಕ್ಕುತ್ತಿತ್ತು.

ತವರಿನಲ್ಲಿ ನಾನು ಲೀಲಾ. ಇಲ್ಲಿ ಸರಸ್ವತಿ. ಒಳ್ಳೆಯ ಹೆಸರೇ, ದೂರಲಾರೆ. ಹೋದ ವರ್ಷ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಾನ್ವೆಂಟಿನ ಗೆಳತಿಯೊಬ್ಬಳು 'ಲೀಲಾ, ಲೀಲಾ' ಎಂದು ಪ್ಲಾಟ್‌ಫಾರ್ಮಿನುದ್ದಕ್ಕೂ ಕೂಗಿದಳಂತೆ. ನಾನು ತಿರುಗಲಿಲ್ಲ. ಪಾಪ, ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ಕಂಡದ್ದು ನನ್ನ ಬೆನ್ನು ಮಾತ್ರ.

ಗಂಡಸರನ್ನು ಒಂದು ಮಾತು ಕೇಳುತ್ತೇನೆ. ಸಾಲಿಯಲ್ಲಿ ಹಾಜರಿ ಹೇಳಿದ ಹೆಸರೇ ನಿಮ್ಮ ನೌಕರಿಗೆ, ಅದೇ ಬಾಗಿಲ ಮೇಲಿನ ಹೆಸರಿನ ಪಾಟಿಗೆ, ಅದೇ ಮೊಮ್ಮಗನಿಗೆ. ನಡುವೆ ಒಂದು ದಿನ ಯಾರಾದರೂ ಬಂದು, 'ಇನ್ನು ಮುಂದೆ ನೀನು ಹಣಮಂತನಲ್ಲ, ವಸಂತ' ಎಂದರೆ ಸುಮ್ಮನೆ ತಾಟಿನತ್ತ ಬಗ್ಗಿ 'ಛಲೋ ಅದ' ಎನ್ನುತ್ತೀರಾ?

ನಾನು ಕೂತು ಬರೆದೆ. ಬ. ನ. ಅಕ್ಷರ ದೊಡ್ಡದಾಗಿ ಬಂತು. ಶಂ ಸೊಟ್ಟವಾಯಿತು, ಆಗಲಿ. ಕ. ರಿ. ಕೆಂಪು ಎಣ್ಣೆಬಣ್ಣ. ಒಗೆದರೆ ಹೋಗುವಂಥದಲ್ಲ.

"ಏನ್ ಮಾಡಿದ್ರಿ ಇದು?" ಕಾಕಾ ಬಟ್ಟೆಗೆ ಕೈ ಹಾಕಲು ಬಗ್ಗಿದರು.

"ಮುಟ್ಟಬ್ಯಾಡ್ರಿ ಕಾಕಾ, ಹಸಿ ಅದ," ಎಂದೆ. ಮೆತ್ತಗೇ ಎಂದೆ. ನನಗೆ ಗಟ್ಟಿಯಾಗಿ ಮಾತಾಡಿ ರೂಢಿಯಿಲ್ಲ. "ನಿಮ್ಮ ಧೋತರಕ್ಕ ಹತ್ತೀತು. ಬನಶಂಕರಿ ಅಂತ ಹತ್ತೀತು."

ಕಾಕಾ ಧೋತರ ಎತ್ತಿ ಹಿಡಿದು ಹಿಂದೆ ಸರಿದರು. ನನ್ನನ್ನು ನೋಡಿದರು, ಬಟ್ಟೆ ನೋಡಿದರು. "ಇಂಥಾ ಮಂಡಳಕ್ಕ ನಮ್ಮ ಮನಿಯವರು ಇನ್ನ ಬರೂದಿಲ್ಲ," ಎಂದು ಹೊರಗೆ ನಡೆದರು. ಅವರ ಜೊತೆ, ಬೆಳಿಗ್ಗೆಯೇ ಬಂದು ಕೂತಿದ್ದ ಮಂಡಳದವರ ಕೆಲವು ಕುರ್ಚಿಗಳೂ ಖಾಲಿಯಾದವು. ಗೋದಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಂಡರು. ವಕೀಲರು ತೊಲೆಯಿಂದ ಕಣ್ಣಿಳಿಸಿದರು. ಹೋಗಿ, ಇಳಿಸಿಟ್ಟ ಚಿತ್ರವನ್ನು ಎತ್ತಿ ತಾವೇ ಮೊಳೆಗೆ ಸಿಕ್ಕಿಸಿದರು. ಸ್ವಲ್ಪ ವಾರೆಯಾಯಿತು. ಬನಶಂಕರಿ ಸರಿ ಮಾಡಲಿಲ್ಲ, ಹಾಗೇ ಬಿಟ್ಟಳು.

ಮಧ್ಯಾಹ್ನ ಬಾಗಿಲು ತೆರೆದೆವು. ಮೊದಲು ಬಂದವಳು ಯಾರು ಗೊತ್ತೇ? ಗೋದಾಬಾಯಿ ಅಂದಂತೆಯೇ ಒಬ್ಬ ಮುದುಕಿ! ಬಟ್ಟೆಯ ಮೇಲಿನ ಹೆಸರನ್ನು ಯಾರೋ ಓದಿ ಹೇಳಿದ್ದರಂತೆ. ಚಪ್ಪಲಿ ಹೊರಗೆ ಬಿಟ್ಟು, ಕೈಯಲ್ಲಿ ಕಾಯಿ ಹಿಡಿದು ಒಳಗೆ ಬಂದಳು. ಕೆಂಪು ಸೆರಗಿನ ಬೆನ್ನಿನ ಮುಂದೆ ಕೈ ಮುಗಿದಳು. ಬಹಳ ಹೊತ್ತು ನೋಡಿದಳು.

"ಯವ್ವಾ, ದೇವಿ ಮಾರಿ ಆ ಕಡಿ ಮಾಡ್ಯಾಳಲ್ಲ? ಸಿಟ್ಟಾಗ್ಯಾಳೇನು?"

ಗೋದಾಬಾಯಿ ಬಾಯಿ ತೆರೆದರು. ಬನಶಂಕರಿ ಮೊದಲೇ ಹೇಳಿಬಿಟ್ಟಳು. "ಹೂಂನವ್ವಾ. ಸಿಟ್ಟಾಗ್ಯಾಳ."

"ಆಗ್ಲಿ ಬಿಡು," ಎಂದಳು ಮುದುಕಿ. "ಆಗಬೇಕ."

ಪ್ಯಾರಿಸಿನವರು ಇದಕ್ಕಿಂತ ಹೆಚ್ಚು ಏನು ತಿಳಿದುಕೊಂಡಿದ್ದಾರು? ಬನಶಂಕರಿ ಆ ಕಾಯಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಪ್ರಸಾದವೆಂದು ಅಲ್ಲಿಯೇ ಒಡೆದು ಎಲ್ಲರಿಗೂ ಹಂಚಿದಳು.

ನಮ್ಮವರಿಗೆ ಅಂದು ಮಧ್ಯಾಹ್ನದ ಊಟ ಸಿಕ್ಕಿದ್ದು ಸಂಜೆಗೆ. ಉಣ್ಣುತ್ತ ಕಥೆ ಕೇಳಿದರು. "ಕಾಕಾಗ ಹಂಗ ಅನಬಾರದಿತ್ತು," ಎಂದರು. ನಾನು ಸಾರು ಬಡಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯ ನೀಲವ್ವ ಹೆಪ್ಪು ಕೇಳಲು ಬಂದಳು. ಇಳಕಲ್ಲಿನ ನೇಕಾರರ ಮಗಳು, ಇಲ್ಲಿ ಸೀರೆ ವ್ಯಾಪಾರದ ಮನೆಗೆ ಸೊಸೆ. ಅವರಲ್ಲಿ ಹೆಸರು ಬದಲಿಸುವ ಪದ್ಧತಿಯಿಲ್ಲ. ಅವಳಿಗೂ ಎಲ್ಲ ಹೇಳಿದೆ. ಅಕ್ಕಿ, ಉಂಗುರ, ಕಾಕಾ, ಕೆಂಪು ಬಣ್ಣ. ಹೆಪ್ಪಿನ ವಾಟಗ ಸೆರಗಿನಲ್ಲಿ ಮುಚ್ಚಿಕೊಂಡು, ಹೊಸ್ತಿಲು ದಾಟುತ್ತ, ತಿರುಗಿಯೂ ನೋಡದೆ ಅಂದಳು:

"ಮೊನ್ನೆ ತುಳಸಿಗೇರಿಯಿಂದ ಎಮ್ಮಿ ಹೊಡಕೊಂಡ ಬಂದೇವಲ್ರಿ ಬಾಯಾರ, ಮೊದ್ಲ ಅದರ ಹೆಸರೇನಂತ ಕೇಳಿಕೊಂಡ ಬಂದೇವಿ. ಬ್ಯಾರೆ ಹೆಸರ್ಲೆ ಕರದ್ರ ಅದೂ ಹಾಲ ಇಳಸಂಗಿಲ್ಲ ನೋಡ್ರಿ."