ಅಳಿಸಿಹೋದ ಗಂಧದ ಪೆಟ್ಟಿಗೆ

ನಿಮ್ಮ ಅಜ್ಜ ಕೆತ್ತಿದ ಕೊನೆಯ ಗಂಧದ ಪೆಟ್ಟಿಗೆಯನ್ನು ನೀವು ಯಾರೂ ಮುಟ್ಟಿ ನೋಡಿಲ್ಲ, ಚಿತ್ರದಲ್ಲಿ ಮಾತ್ರ ನೋಡಿದ್ದೀರಿ. ಆ ಚಿತ್ರವೂ ಒಮ್ಮೆ ಕಳೆದುಹೋಗಿತ್ತು ಎಂದರೆ ನಗುತ್ತೀರಿ. ಫೋನಿನಲ್ಲಿರುವುದು ಹೇಗೆ ಕಳೆಯುತ್ತದೆ ಅಜ್ಜಿ ಎಂದು ಕೇಳುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜ ಹೋದ ಮೇಲೆ ಹೊಳನಗದ್ದೆಯ ಮನೆಯಲ್ಲಿ ಗಂಧದ ಕೆಲಸ ನಿಂತಿತು. ಉಳಿದದ್ದು ಬೆಂಡಿನ ಕೆಲಸ. ಜೌಗಿನಲ್ಲಿ ಬೆಳೆಯುವ ಗಿಡದ ಬಿಳಿಯ ಮೆದು ಕಾಂಡವನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಹೂವು ಕತ್ತರಿಸಿ, ಮದುವೆಯ ಬಾಸಿಂಗ ಕಟ್ಟುವುದು. ಅದರಲ್ಲಿ ನಮ್ಮ ಮನೆಗೆ ಎರಡು ರೂಢಿ ಇದ್ದವು. ಕೆಲಸ ಯಾರೊಬ್ಬರದೂ ಅಲ್ಲ ಎನ್ನುವುದು ಮೊದಲನೆಯದು. ನಾನು ಒಲೆಯ ಕಡೆ ಎದ್ದರೆ ನಿಮ್ಮ ಅಮ್ಮ ಬಂದು ನಾನು ಬಿಟ್ಟ ಹೂವಿನಿಂದ ಮುಂದುವರಿಸುತ್ತಿದ್ದಳು, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇನ್ನೊಂದು, ಕಡೆಗೆ ಏಳುವವರು ಚಾಪೆ ಕೊಡವಿಯೇ ಏಳಬೇಕು. ಬಿದ್ದ ಚೂರು ಯಾರದು ಎಂದು ನೋಡಲಿಕ್ಕಿಲ್ಲ, ಎಲ್ಲ ಹೊರಗೆ. ಮದುವೆಯಾಗಿ ನಮ್ಮಲ್ಲಿಗೇ ಬಂದು ನಿಂತ ನಿಮ್ಮ ಅಪ್ಪನೂ ಎರಡನ್ನೂ ಬೇಗ ಕಲಿತರು. ಊರವರು ಮನೆ ಅಳಿಯ ಎಂದು ಕೆಣಕಿದರೆ, "ಹೌದು, ಚಾಪೆ ಕೊಡವೂಕೂ ಜನ ಬೇಕಲ್ಲ" ಎಂದು ಅವರೇ ನಗುತ್ತಿದ್ದರು.

ಆಗ ನಿಮ್ಮ ಅಮ್ಮ ಹೊನ್ನಾವರದ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಮನೆಗೆ. ಅಪ್ಪ ಭಟ್ಕಳದ ಒಂದು ಫೋಟೋ ಸ್ಟುಡಿಯೋದಲ್ಲಿದ್ದರು. ವಾರವಿಡೀ ಅಲ್ಲೇ ಪಕ್ಕದ ಜಾಲಿ ಎಂಬ ಊರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದು, ಶನಿವಾರ ಊರಿಗೆ ಬರುತ್ತಿದ್ದರು. ಬೆಂಡಿನ ಕೆಲಸವನ್ನೂ ಅಜ್ಜನ ಕೆತ್ತನೆಯನ್ನೂ ಇಂಟರ್ನೆಟ್ಟಿಗೆ ಹಾಕುವುದೆಂದು ಇಬ್ಬರೂ ಸೇರಿ ನಿಶ್ಚಯಿಸಿದರು.

"ಅಮೆರಿಕದಲ್ಲೊಂದು ಯಂತ್ರ ಅದೆ ಆಯಿ. ಅದ್ರಲ್ಲಿ ನಾವೊಂದು ಜಾಗ ಬಾಡಿಗೆಗೆ ಹಿಡ್ದದ್ದು" ಎಂದಳು ನಿಮ್ಮ ಅಮ್ಮ.

"ಇಡೀ ಯಂತ್ರ ನಮ್ಗೊಬ್ರಿಗೇಯೋ?"

"ಇಲ್ಲ ಮಾರಾಯ್ತಿ. ನೂರಾರು ಜನ ಒಂದ್ರಲ್ಲೇ. ವಠಾರ ಇದ್ದಂಗೆ."

"ಹಂಗಾರೆ ಬಾವಿನೂ ಎಲ್ರಿಗೂ ಒಂದೇಯಾ?"

ಅವಳು ನಕ್ಕು, "ಬಾವಿ ಒಂದೇ, ಬೀಗ ಬೇರೆ ಬೇರೆ" ಎಂದಳು. ನಾನು ನಗಲಿಲ್ಲ. ಕುಮಟಾ ದಾಟಿದರೆ ದಿಕ್ಕು ತಿಳಿಯದ ನನಗೆ, ಸಮುದ್ರದಾಚೆ ಬಾಡಿಗೆಗೆ ಒಂದು ಜಾಗ ಇದೆ, ಅಲ್ಲಿ ನಾನು ಕಟ್ಟಿದ ಬಾಸಿಂಗ ತೂಗುತ್ತಿದೆ ಎನ್ನುವುದನ್ನು ನಂಬಲು ಕೆಲವು ದಿನ ಬೇಕಾದವು. ಅಕ್ಕಿ ಆರಿಸುತ್ತಿರುವಾಗ ನೆನಪಾದರೆ ಕೈ ತಾನಾಗಿ ನಿಲ್ಲುತ್ತಿತ್ತು.

ಆ ಜಾಗಕ್ಕೆ ಸಾಮಾನು ಕಳಿಸಲು ಎರಡು ದಾರಿಗಳಿದ್ದವು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ವೆಬ್ ಪುಟ ಕಟ್ಟುವ ಪ್ರೋಗ್ರಾಂ ಇತ್ತು. ಅಪ್ಪ ಅದರಲ್ಲಿ ಪುಟಗಳನ್ನು ಮಾಡಿ 'ಪಬ್ಲಿಷ್' ಎಂಬ ಗುಂಡಿ ಒತ್ತಿದರೆ ಎಲ್ಲವೂ ಒಟ್ಟಿಗೆ ಹೋಗುತ್ತಿತ್ತು. ಹೊನ್ನಾವರದ ಕ್ಲಾಸಿನಲ್ಲಿ ಆ ಪ್ರೋಗ್ರಾಂ ಇರಲಿಲ್ಲ. ಅಮ್ಮ ಎಫ್‌ಟಿಪಿ ಎನ್ನುವ ಇನ್ನೊಂದು ದಾರಿಯಲ್ಲಿ ಒಂದೊಂದೇ ಫೈಲನ್ನು ತಾನೇ ಒಯ್ದು ಇಟ್ಟು ಬರುತ್ತಿದ್ದಳು. ಬೆಂಡಿನ ಹೂವಿನಂತೆಯೇ ಅವರು ಬಿಟ್ಟಲ್ಲಿಂದ ಇವಳು, ಇವಳು ಬಿಟ್ಟಲ್ಲಿಂದ ಅವರು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಲಿಲ್ಲ.

ಅಜ್ಜ ಮಾರಿದ್ದ ಆ ಗಂಧದ ಪೆಟ್ಟಿಗೆ ಭಟ್ಕಳದ ಒಬ್ಬ ನವಾಯತ ಮುಸ್ಲಿಂ ವ್ಯಾಪಾರಿಯ ಮನೆಯಲ್ಲಿತ್ತು. ಅದನ್ನು ದುಬೈಗೆ ಒಯ್ದು ಅಲ್ಲಿ ಯಾರಿಗೋ ಉಡುಗೊರೆ ಕೊಡುವವರಿದ್ದರು. ಹೊರಡುವ ಮುಂಚೆ ಅಪ್ಪ ಸ್ಟುಡಿಯೋದ ಹೊಸ ಕ್ಯಾಮೆರಾ ತೆಗೆದುಕೊಂಡು ಹೋಗಿ ಚಿತ್ರ ತೆಗೆದರು. ಅದಕ್ಕೆ ರೀಲು ಇಲ್ಲ, ಚಿತ್ರ ನೇರ ಫ್ಲಾಪಿ ಎಂಬ ಚಪ್ಪಟೆ ಡಿಸ್ಕಿನ ಮೇಲೆ ಕೂರುತ್ತಿತ್ತು. ಆ ಫ್ಲಾಪಿಯನ್ನು ಅಪ್ಪ ಊರಿಗೆ ತಂದರು. ಅಮ್ಮ ಹೊನ್ನಾವರದಿಂದ ಚಿತ್ರಗಳನ್ನು, ಕ್ಯಾಮೆರಾ ಕೊಟ್ಟ ಹೆಸರನ್ನೂ ಬದಲಿಸದೆ, ಎಫ್‌ಟಿಪಿಯಲ್ಲಿ ಕಳಿಸಿದಳು. ಫ್ಲಾಪಿ ಸ್ಟುಡಿಯೋದ್ದು, ತಿರುಗಿ ಹೋಯಿತು, ಬೇರೆ ಮದುವೆಯ ಚಿತ್ರಗಳಿಗೆ ಬೇಕೆಂದು ಒರೆಸಿಯೂ ಆಯಿತು. ಚಿತ್ರ ಅಮೆರಿಕದಲ್ಲಿ ಭದ್ರವಾಗಿದೆಯಲ್ಲ ಎಂದು ಎಲ್ಲರೂ ನಿಶ್ಚಿಂತೆಯಲ್ಲಿದ್ದೆವು. ಆ ವಾರ ಅವಳಿಗೆ ಅದನ್ನು ನನಗೆ ತೋರಿಸಲು ಬಿಡುವಾಗಿರಲಿಲ್ಲ. ನನಗೂ ಅವಸರವಿರಲಿಲ್ಲ.

ಮುಂದಿನ ವಾರದ ಒಂದು ಸಂಜೆ ಅವಳು ಬಸ್ಸಿಳಿದು ಬಂದವಳು ಕೈಕಾಲು ತೊಳೆಯದೆ ಜಗಲಿಯಲ್ಲೇ ಕೂತುಬಿಟ್ಟಳು.

"ಎಂತಾತೆ?"

"ಅಪ್ಪ ಕೆತ್ತಿದ ಪೆಟ್ಟಿಗೆ ಇಲ್ಲ ಆಯಿ. ಪುಟ ಅದೆ, ಬಾಸಿಂಗ ಅದೆ. ನಾನು ಇಟ್ಟದ್ದು ಒಂದೂ ಇಲ್ಲ."

ಶನಿವಾರ ಅಪ್ಪ ಬಂದು ಚಪ್ಪಲಿ ಬಿಡುವಾಗಲೇ ಕೇಳಿದಳು. "ಪಬ್ಲಿಷ್ ಮಾಡಿದ್ರಾ ನೀವು?"

"ಮಾಡ್ದೆ. ಬಾಸಿಂಗದ ಪುಟದಲ್ಲಿ ಒಂದಕ್ಷರ ತಪ್ಪಿತ್ತು."

"ಅದು ಎಂತಾದ್ರೂ ಕೇಳ್ತಾ?"

"ಕೇಳ್ತು. ನಿಮ್ಮಲ್ಲಿ ಇಲ್ದೇ ಇದ್ದ ಫೈಲು ಅಲ್ಲಿ ಅದೆ, ಅಳಿಸ್ಬೇಕಾ ಅಂತ. ಹೆಸ್ರು ನೋಡಿದ್ರೆ ಅಕ್ಷರ, ಅಂಕಿ ಎಲ್ಲ ಕಲಸಿದ್ದು. ಯಾರ್ದೋ ಚೂರು ಬಿದ್ದದೆ ಅಂತ್ಹೇಳಿ ಹೌದು ಅಂದೆ."

"ಚಾಪೆ ಕೊಡವಿದ್ರಿ!"

"ನಾನು ಮಾಡಿದ್ದಲ್ಲ ಅದು ಅಂತ..."

"ನಾನು ಮಾಡಿದ್ದು!"

ಅಷ್ಟು ಹೊತ್ತಿಗೆ ಅವರಿಗೆ ತಿಳಿಯಿತು. ಒಂದು ಚಪ್ಪಲಿ ಕಾಲಿನಲ್ಲೇ ಇತ್ತು. ಅಳಿಯನೆದುರು ನಾನು ನಿಂತು ಮಾತಾಡಿದವಳಲ್ಲ, ಬಾಗಿಲ ಸಂದಿಯಿಂದ ಒಂದು ಮಾತು, ಎರಡು ಮಾತು, ಅಷ್ಟೇ. ಊಟಕ್ಕೆ ಕೂತಾಗ ಅವರೇ ತಲೆ ತಗ್ಗಿಸಿ, "ಅತ್ತೆ, ನನ್ನ ಕೈಯಿಂದ ಹೋಯ್ತು" ಎಂದರು. ನಾನು ಇನ್ನೊಂದು ಸೌಟು ಅನ್ನ ಬಡಿಸಿದೆ. ಬೇಡವೆನ್ನಲೂ ಅವರಿಗೆ ಧೈರ್ಯವಿರಲಿಲ್ಲ.

ಆ ಪೆಟ್ಟಿಗೆಯನ್ನು ಮತ್ತೆ ನೋಡಲು ದಾರಿಯಿರಲಿಲ್ಲ. ಅದು ಆಗಲೇ ದುಬೈಯಲ್ಲಿ ಯಾರದೋ ಕೈ ಸೇರಿತ್ತು. ಮುಚ್ಚಳದ ತುಂಬ ಬಳ್ಳಿ, ಬಳ್ಳಿಯೊಳಗೆ ಹಕ್ಕಿ. ಕಣ್ಣು ಮಂಜಾದ ಮೇಲೆ ಅಜ್ಜ ಆ ಹಕ್ಕಿಗಳ ರೆಕ್ಕೆಯನ್ನು ಬೆರಳಿನಿಂದ ತಡವಿ ತಡವಿ ಕೆತ್ತಿದ್ದರು. ನನ್ನ ನೆನಪಿನಲ್ಲಿ ಅದು ಇದೆ, ಆದರೆ ನೆನಪನ್ನು ನಿಮಗೆ ತೋರಿಸುವುದು ಹೇಗೆ?

ಅಮ್ಮ ಆಗಲೇ ಜಾಗ ಬಾಡಿಗೆಗೆ ಕೊಟ್ಟವರಿಗೆ ಈಮೇಲ್ ಬರೆದಿದ್ದಳು. ಭಾನುವಾರ ಹೊನ್ನಾವರಕ್ಕೆ ಹೋಗಿ ಉತ್ತರ ನೋಡುವುದೆಂದಾಯಿತು. ಕ್ಲಾಸಿಗೆ ರಜೆ, ಬೀಗದಕೈ ಅವಳ ಬಳಿಯೇ ಇತ್ತು. ನಾನೂ ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದೆ. ನಾನೇಕೆ ಹೊರಟೆ ಎಂದು ಇಬ್ಬರೂ ಕೇಳಲಿಲ್ಲ.

ಮೊದಲ ಸಲ ಆ ಕೋಣೆಯೊಳಗೆ ಹೋದೆ. ಕಂಪ್ಯೂಟರುಗಳಿಗೆಲ್ಲ ಬಟ್ಟೆ ಹೊದಿಸಿತ್ತು. ಒಂದರ ಬಟ್ಟೆ ತೆಗೆದು ಅಮ್ಮ ಫೋನಿನ ತಂತಿ ಸಿಕ್ಕಿಸಿದಳು. ಮೋಡೆಮ್ ಎಂಬ ಡಬ್ಬಿಯೊಂದು ಕೀರಲು ಸ್ವರದಲ್ಲಿ ಕೂಗಿತು, ಸುಮ್ಮನಾಯಿತು. ಉತ್ತರ ಬಂದಿತ್ತು. ಅವಳು ಓದಿ ಓದಿ ಕನ್ನಡದಲ್ಲಿ ಹೇಳಿದಳು.

ಒಂದೇ ಜಾಗಕ್ಕೆ ಎರಡು ದಾರಿಯಿಂದ ಸಾಮಾನು ಕಳಿಸಬೇಡಿ ಎಂದು ಬರೆದಿದ್ದರು. ಪುಟ ಕಟ್ಟುವ ಪ್ರೋಗ್ರಾಂ ತಾನು ಇಟ್ಟದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಬೇರೆ ಕೈ ಇಟ್ಟದ್ದು ಅದಕ್ಕೆ ಪರಕೀಯ. ಚಿತ್ರಗಳಿಗೆ ಬೇರೆಯೇ ಒಂದು ಫೋಲ್ಡರ್ ಮಾಡಿ, ಅದಕ್ಕೆ ಎಫ್‌ಟಿಪಿ ಮಾತ್ರ ಬಳಸಿ. ಪ್ರೋಗ್ರಾಂಗೆ ಆ ಫೋಲ್ಡರ್ ಬಿಟ್ಟುಬಿಡು ಎಂದು ತಿಳಿಸಿ. ಬದಲಾದ ಪುಟಗಳನ್ನಷ್ಟೇ ಕಳಿಸಿ. ಅಳಿಸಲೇ ಎಂದು ಕೇಳಿದರೆ ಬೇಡ ಎನ್ನಿ.

"ಆತು, ಆತು, ಅದು ಮುಂದಿನ ಮಾತು. ಪೆಟ್ಟಿಗೆ?" ಎಂದರು ಅಪ್ಪ.

"ತಡೀರಿ. ವಾರಕ್ಕೊಂದ್ಸಲ ಎಲ್ರ ಸಾಮಾನಿಂದೂ ಪ್ರತಿ ತೆಗೆದಿಡ್ತ್ರಂತೆ. ಹಿಂದಿನ ಪ್ರತಿ ವಾಪಸ್ ಹಾಕಿದ್ದೇವೆ, ನಿಮ್ಮ ಚಿತ್ರ ಅದ್ರಲ್ಲಿ ಇತ್ತೋ ಇಲ್ವೋ ನೀವೇ ನೋಡ್ಕಣಿ ಅಂತ."

ನಾನು ಬಾಯಿಬಿಟ್ಟೆ. "ಎಲ್ರದ್ದೂ? ಆ ವಠಾರದವ್ರದ್ದೆಲ್ಲ?"

"ಎಲ್ರದ್ದೂ ಆಯಿ."

"ಯಾರು ಕೂತು ತೆಗಿತ್ರು?"

"ಯಾರೂ ಇಲ್ಲ. ಒಂದ್ಸಲ ಹೇಳಿಟ್ರೆ ಯಂತ್ರವೇ ಮಾಡ್ತದೆ."

ನಾನು ದೇವರನ್ನು ನಂಬಿದವಳು. ಆದರೂ ಯಾರೂ ಕೇಳದೆ, ಗುರುತು ಪರಿಚಯವಿಲ್ಲದ ನೂರಾರು ಮನೆಗಳ ಸಾಮಾನನ್ನು ಒಂದೂ ಬಿಡದೆ ಎತ್ತಿಡುವ ಕೈ ಒಂದಿರಬಹುದೆಂದು ಅದುವರೆಗೆ ಯೋಚಿಸಿರಲಿಲ್ಲ. ನಾವು ಗದ್ದೆ ಬದಿಯ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದಾಗ, ಅಮೆರಿಕದ ಯಾವುದೋ ಅಂಗಡಿಯವನ ಬೆಲೆಪಟ್ಟಿಯ ಜೊತೆ, ಇನ್ಯಾರದೋ ಮಗುವಿನ ಚಿತ್ರದ ಜೊತೆ, ಅಜ್ಜನ ಹಕ್ಕಿಗಳನ್ನೂ ಅದು ಎತ್ತಿಟ್ಟಿರಬಹುದು. ಇಲ್ಲದೆಯೂ ಇರಬಹುದು. ಅಮ್ಮ ಚಿತ್ರ ಇಟ್ಟ ದಿನಕ್ಕೂ ಅಪ್ಪ ಅಳಿಸಿದ ದಿನಕ್ಕೂ ನಡುವೆ ಆ ಯಂತ್ರ ಬಂದು ಹೋಗಿರಬೇಕಿತ್ತು. ಎಂದು ಬಂದಿತ್ತೋ ಅವರು ಬರೆದಿರಲಿಲ್ಲ.

ಅಮ್ಮ ಚಿತ್ರದ ವಿಳಾಸ ಒತ್ತಿ ಕೈ ಕಟ್ಟಿ ಕೂತಳು. ಪರದೆ ಬೆಳ್ಳಗಿತ್ತು. ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು.

ಆಗೆಲ್ಲ ಚಿತ್ರ ಈಗಿನಂತೆ ತಟ್ಟನೆ ಬರುತ್ತಿರಲಿಲ್ಲ. ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಒಂದು ಕಂದು ಗೆರೆ. ಅದರ ಕೆಳಗೆ ಇನ್ನೊಂದು. ಅದು ಏನೂ ಆಗಿರಬಹುದಿತ್ತು, ಮೇಜಿನ ಅಂಚು, ಗೋಡೆ. ಆಮೇಲೆ ಬಳ್ಳಿಯ ಒಂದು ಸುರುಳಿ. ಅಂಥ ಸುರುಳಿ ಹಾಕುವಾಗ ಅಜ್ಜ ಉಸಿರು ಹಿಡಿಯುತ್ತಿದ್ದರು, ಆ ಕೋಣೆಯಲ್ಲಿ ನಾವು ಮೂವರೂ ಹಿಡಿದಿದ್ದೆವು. ಹಕ್ಕಿಯ ಕೊಕ್ಕು ಬಂತು. ಕುತ್ತಿಗೆ ಬಂತು. ಬೆರಳಿನಿಂದ ತಡವಿ ಕೆತ್ತಿದ ಆ ರೆಕ್ಕೆ, ಒಂದೊಂದೇ ಗರಿಯಾಗಿ, ಸಮುದ್ರ ದಾಟಿ ಇಳಿಯತೊಡಗಿತು.

ನನಗೆ ತಿಳಿಯದಂತೆಯೇ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅಜ್ಜ ಹೊರಗಿನಿಂದ ಒಳಗೆ ಬಂದಾಗ ಹಾಗೆ ಏಳುತ್ತಿದ್ದೆ.

"ಕೂತ್ಕಣಿ ಅತ್ತೆ, ಇನ್ನೂ ಅರ್ಧ ಬರ್ಬೇಕು" ಎಂದರು ನಿಮ್ಮ ಅಪ್ಪ. ಅವರು ಕಿಟಕಿ ಬಿಟ್ಟು ಪರದೆಯ ಹತ್ತಿರ ಬಂದಿದ್ದರು.

"ಬರ್ಲಿ" ಎಂದೆ. ಅಳಿಯನ ಮುಖ ನೋಡಿ ನಾನು ಆಡಿದ ಮೊದಲ ಮಾತು ಅದೇ ಇರಬೇಕು. ಕೆಳಗಿನ ಗೆರೆ ಇಳಿದು ಮುಗಿಯುವವರೆಗೂ ನಿಂತೇ ಇದ್ದೆ.